ಮನೆಯೊಳಗೇ ಬೀಳುವ ಹಿರಿಯರು: ಮನೆಗೆ ಬರುವ ಫಿಜಿಯೋ ನಿಜಕ್ಕೂ ಏನು ಮಾಡಬೇಕು?

ಮಳೆಗಾಲ ಶುರುವಾದರೆ ಮುಂಬಯಿಯ ಮನೆಗಳಿಂದ ಒಂದೇ ತರದ ಫೋನು ಜಾಸ್ತಿ ಬರುತ್ತದೆ. "ಅಮ್ಮ ಬಾತ್‌ರೂಮಿನಲ್ಲಿ ಜಾರಿದ್ರು." "ಅಪ್ಪ ರಾತ್ರಿ ಎದ್ದವರು ಮಂಚದ ಪಕ್ಕದಲ್ಲೇ ಬಿದ್ರು." ಈಗ ಇದಕ್ಕೆ ರಿಡೆವಲಪ್‌ಮೆಂಟ್ ಬೇರೆ ಸೇರಿಕೊಂಡಿದೆ. ಮಾಟುಂಗಾ, ಘಾಟ್‌ಕೋಪರ್, ಚೆಂಬೂರು, ಮುಲುಂಡ್, ಗೋರೆಗಾಂವ್ ಕಡೆಯ ಹಳೇ ಕಟ್ಟಡಗಳನ್ನು ಒಂದೊಂದಾಗಿ ಕೆಡವುತ್ತಿದ್ದಾರೆ. ಅರ್ಧ ಆಯುಷ್ಯ ಒಂದೇ ಮನೆಯಲ್ಲಿ ಕಳೆದವರು ಎಪ್ಪತ್ತು ದಾಟಿದ ಮೇಲೆ ಗಂಟುಮೂಟೆ ಕಟ್ಟಿ ಬಾಡಿಗೆ ಫ್ಲ್ಯಾಟಿಗೆ ಹೋಗುತ್ತಾರೆ. ಹಳೇ ಮನೆಯಲ್ಲಿ ಕರೆಂಟು ಹೋದರೂ ಬಚ್ಚಲಿಗೆ ಹೋಗಿ ಬರುತ್ತಿದ್ದರು. ಹೊಸ ಮನೆಯಲ್ಲಿ ಸ್ವಿಚ್ ಎಲ್ಲಿದೆ, ಹೊಸ್ತಿಲು ಎಷ್ಟು ಎತ್ತರ ಅನ್ನೋದು ಕಾಲಿಗೆ ಇನ್ನೂ ರೂಢಿಯಾಗಿರುವುದಿಲ್ಲ.

ಇದೇ ಹೊತ್ತಿಗೆ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ "ಮನೆಗೇ ಬಂದು ಫಿಜಿಯೋಥೆರಪಿ" ಎಂಬ ಜಾಹೀರಾತು ಕಾಣಿಸುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಫಿಜಿಯೋ ಅಂದರೆ ಮೂಳೆ ಮುರಿದ ಮೇಲೆ, ಲಕ್ವ ಹೊಡೆದ ಮೇಲೆ, ಮೊಣಕಾಲು ಆಪರೇಷನ್ ಆದ ಮೇಲೆ ಬರುವವರು. ಬೀಳುವ ಮೊದಲೇ ಅವರನ್ನು ಕರೆಯುವುದು ಯಾಕೆ? ಕರೆದರೆ ಅವರು ಏನು ಮಾಡುತ್ತಾರೆ?

ಎಷ್ಟು ಜನ ಬೀಳುತ್ತಾರೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮನುಷ್ಯ ತಾನು ಬಯಸದೆ ನೆಲಕ್ಕೋ ಇನ್ನಾವುದೋ ಕೆಳಗಿನ ಜಾಗಕ್ಕೋ ಬಂದು ಬಿದ್ದರೆ ಅದೇ 'ಬೀಳುವುದು'. ಪೆಟ್ಟಾಗಿದೆಯೋ ಇಲ್ಲವೋ ಎಂಬ ಪ್ರಶ್ನೆ ಇಲ್ಲ. ಮಂಚದಿಂದ ಏಳಲು ಹೋಗಿ ಮತ್ತೆ ಧೊಪ್ಪೆಂದು ನೆಲಕ್ಕೆ ಕೂತರೆ ಅದೂ ಲೆಕ್ಕಕ್ಕೆ ಬರುತ್ತದೆ.

65 ದಾಟಿದವರಲ್ಲಿ ಸುಮಾರು 28ರಿಂದ 35 ಶೇಕಡಾ ಜನ ವರ್ಷಕ್ಕೆ ಒಂದು ಸಲವಾದರೂ ಬೀಳುತ್ತಾರೆ ಎಂದು ಅದೇ ಸಂಸ್ಥೆ ಹೇಳುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು.

ಎಲ್ಲರೂ ಹೆದರುವುದು ಸೊಂಟದ ಮೂಳೆಗೆ, ಅಂದರೆ ತೊಡೆಯ ಮೂಳೆ ಸೊಂಟಕ್ಕೆ ಸೇರುವ ಜಾಗ ಮುರಿಯುವುದಕ್ಕೆ. ಆಪರೇಷನ್ ಚೆನ್ನಾಗಿಯೇ ಆಗುತ್ತದೆ. ಕಷ್ಟ ಇರುವುದು ಆಮೇಲಿನ ಹಾಸಿಗೆ ವಾಸದಲ್ಲಿ. ಎದೆಯಲ್ಲಿ ಕಫ ಕಟ್ಟುವುದು, ಬೆನ್ನಿಗೆ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಎಲ್ಲ ಶುರುವಾಗುವುದು ಅಲ್ಲಿ.

ಇನ್ನೊಂದು ತೊಂದರೆ ಅಂದರೆ, ಸಣ್ಣಪುಟ್ಟ ಬೀಳುಗಳು ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ನಮ್ಮ ಹಿರಿಯರದ್ದು. ಮಗನಿಗೆ ಹೇಳಿದರೆ ಒಬ್ಬಳನ್ನೇ ದೇವಸ್ಥಾನಕ್ಕೆ ಬಿಡುವುದಿಲ್ಲ, ಸೊಸೆಗೆ ಹೇಳಿದರೆ ಅಡುಗೆಮನೆಗೆ ಬಿಡುವುದಿಲ್ಲ. ಅದಕ್ಕೇ ಮೊಣಕೈಯ ಕಪ್ಪು ಕಲೆಗೆ "ಬಾಗಿಲು ತಾಗಿತು" ಎಂಬ ಉತ್ತರ ಸಿಗುತ್ತದೆ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಜಾಸ್ತಿ. ಹಾಗಾಗಿ ಆ ಮುಚ್ಚಿಟ್ಟ ಮಾತೇ ಡಾಕ್ಟರಿಗೂ ಫಿಜಿಯೋಗೂ ಎಲ್ಲಕ್ಕಿಂತ ಬೇಕಾದ ಸುದ್ದಿ.

ನಿಂತಿರುವುದೂ ಒಂದು ಕೆಲಸ

ದಾದರ್ ಬಿಟ್ಟ ಫಾಸ್ಟ್ ಲೋಕಲ್ಲಿನಲ್ಲಿ ಹಿಡಿಕೆ ಸಿಗದೆ ನಿಂತದ್ದನ್ನು ನೆನಪಿಸಿಕೊಳ್ಳಿ. ಗಾಡಿ ಎಳೆದಾಡಿದಾಗ ನೀವು ಯೋಚನೆ ಮಾಡಿ ಕಾಲು ಸರಿಸುವುದಿಲ್ಲ. ಪಾದ ತಾನೇ ಅಗಲವಾಗುತ್ತದೆ, ಮೊಣಕಾಲು ತುಸು ಬಾಗುತ್ತದೆ, ಸೊಂಟ ಆಚೆ ಹೋಗಿ ಈಚೆ ಬರುತ್ತದೆ. ಮನೆಯ ಹಾಲಿನಲ್ಲಿ ಸುಮ್ನೆ ನಿಂತಾಗಲೂ ದೇಹ ಇದೇ ಕೆಲಸ ಮಾಡುತ್ತಿರುತ್ತದೆ. ಓಲಾಟ ಸಣ್ಣದಾದ್ದರಿಂದ ನಮಗೆ ತಿಳಿಯುವುದಿಲ್ಲ, ಅಷ್ಟೇ.

ಇದಕ್ಕೆ ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬೇಕು. ಕಣ್ಣು ಸುತ್ತಲಿನದನ್ನು ತೋರಿಸುತ್ತದೆ. ಒಳಕಿವಿಯಲ್ಲಿರುವ ಸಣ್ಣ ಕೊಳವೆಗಳು ತಲೆ ಯಾವ ಕಡೆಗೆ ವಾಲಿತು, ತಿರುಗಿತು ಎಂದು ಹೇಳುತ್ತವೆ. ಅಂಗಾಲು, ಹಿಮ್ಮಡಿಗಂಟು, ಮೊಣಕಾಲಿನ ನರಗಳು ನೆಲ ಹೇಗಿದೆ, ಕಾಲು ಎಲ್ಲಿದೆ ಎಂದು ತಿಳಿಸುತ್ತವೆ. ಇವನ್ನೆಲ್ಲ ಕೂಡಿಸಿ ಮಿದುಳು ಹುಕುಂ ಕೊಡುತ್ತದೆ. ಕಾಲಿನ ಸ್ನಾಯು ಆ ಹುಕುಮನ್ನು ಕ್ಷಣದೊಳಗೆ ಪಾಲಿಸಬೇಕು. ಪಾಲಿಸುವುದು ತಡವಾದರೂ, ಪಾಲಿಸುವ ಶಕ್ತಿ ಇಲ್ಲದಿದ್ದರೂ ಆಳು ನೆಲಕ್ಕೆ.

ವಯಸ್ಸಾದಂತೆ ಇದರಲ್ಲಿ ಒಂದೊಂದೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಕಣ್ಣಿಗೆ ಪೊರೆ ಬರುತ್ತದೆ. ತುಂಬ ವರ್ಷ ಸಕ್ಕರೆ ಕಾಯಿಲೆ ಇದ್ದವರಿಗೆ ಅಂಗಾಲು ಮರಗಟ್ಟುತ್ತದೆ. ಶುದ್ಧ ಸಸ್ಯಾಹಾರಿಗಳಲ್ಲಿ ವಿಟಮಿನ್ ಬಿ12 ಕಡಿಮೆಯಾಗುವುದು ಸಾಮಾನ್ಯ, ಅದೂ ಇದೇ ನರಗಳನ್ನು ಕೆಡಿಸುತ್ತದೆ. ಸಕ್ಕರೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಗುಳಿಗೆ ತಗೊಂಡವರಲ್ಲೂ ಬಿ12 ಇಳಿಯಬಹುದು. ಕಾಲಿನ ಸುದ್ದಿ ಸರಿಯಾಗಿ ಬರದವರು ಕಣ್ಣನ್ನೇ ನಂಬಿ ನಡೆಯುತ್ತಾರೆ. ಹಗಲು ಏನೂ ತೊಂದರೆ ಕಾಣುವುದಿಲ್ಲ. ರಾತ್ರಿ ಲೈಟು ಹಾಕದೆ ಎದ್ದಾಗ ಆ ಆಸರೆಯೂ ಹೋಗುತ್ತದೆ.

"ನೀನು ಕೂತ್ಕೋಮ್ಮ, ನಾನು ತರ್ತೀನಿ"

ಬಿದ್ದ ಮೇಲೆ ಎಲ್ಲ ಮನೆಗಳಲ್ಲೂ ಕೇಳುವ ಮಾತಿದು. ಪ್ರೀತಿಯಿಂದಲೇ ಹೇಳುವುದು. ಆದರೆ ಮುಂದಿನ ಬೀಳಿಗೆ ದಾರಿ ಇಲ್ಲೇ ಶುರುವಾಗುತ್ತದೆ, ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಒಮ್ಮೆ ಬಿದ್ದವರಿಗೆ ಹೆದರಿಕೆ ಹುಟ್ಟುತ್ತದೆ. ಪೆಟ್ಟೇ ಆಗದಿದ್ದರೂ ಹುಟ್ಟುತ್ತದೆ. ಹೆದರಿದವರು ನಡೆಯುವುದನ್ನು ಕಡಿಮೆ ಮಾಡುತ್ತಾರೆ. ಹೆಜ್ಜೆ ಗಿಡ್ಡವಾಗುತ್ತದೆ, ಪಾದ ಎತ್ತುವ ಬದಲು ಎಳೆಯುತ್ತಾರೆ, ಕಣ್ಣು ನೆಲದ ಮೇಲೇ ಇರುತ್ತದೆ. ಮನೆಯವರು ಹಾಲು ತರಲು ಕೆಳಗೆ ಹೋಗುವುದನ್ನು ಬಿಡಿಸುತ್ತಾರೆ. ಮೊಣಕಾಲು ನೋವು ಅಂತ ಇಂಡಿಯನ್ ಟಾಯ್ಲೆಟ್ ಹೋಗಿ ಕಮೋಡ್ ಬರುತ್ತದೆ. ದಿನಕ್ಕೆ ಒಂದೆರಡು ಸಲವಾದರೂ ಕುಕ್ಕರಗಾಲಿನಿಂದ ಎದ್ದು ತೊಡೆಗೆ ಸಿಗುತ್ತಿದ್ದ ಕೆಲಸವೂ ನಿಂತಿತು. ಊಟ ನೆಲದಿಂದ ಟೇಬಲ್ಲಿಗೆ ಬಂದು ಅದಾಗಲೇ ಎಷ್ಟೋ ವರ್ಷವಾಯಿತು.

ಕೆಲಸವಿಲ್ಲದ ಸ್ನಾಯು ಬಲು ಬೇಗ ಕರಗುತ್ತದೆ, ಮುಪ್ಪಿನಲ್ಲಿ ಇನ್ನೂ ಬೇಗ. ಜ್ವರ ಬಂದು ಹತ್ತು ದಿನ ಮಲಗಿದ ಅಜ್ಜ ಎದ್ದಾಗ ಕಾಲು ನಡುಗುವುದನ್ನು ಎಲ್ಲರೂ ನೋಡಿದ್ದೇವೆ ಅಲ್ವಾ? ಮೊದಲು ಸೊರಗುವುದು ತೊಡೆಯ ಮುಂಭಾಗ, ಪೃಷ್ಠ ಮತ್ತು ಮೀನಖಂಡ. ಎಡವಿದಾಗ ತಟ್ಟನೆ ಇನ್ನೊಂದು ಹೆಜ್ಜೆ ಮುಂದಿಟ್ಟು ದೇಹವನ್ನು ತಡೆಯುವ ಸ್ನಾಯುಗಳೂ ಅವೇ. ಹೆದರಿ ಕೂತರು, ಕೂತು ಸೊರಗಿದರು, ಸೊರಗಿ ಮತ್ತೆ ಬಿದ್ದರು, ಇನ್ನಷ್ಟು ಹೆದರಿದರು. ಮನೆಯ ಲಾದಿ (ನೆಲದ ಟೈಲ್ಸ್) ಬದಲಿಸಿದರೆ ಈ ಸುತ್ತು ನಿಲ್ಲುವುದಿಲ್ಲ. ಕಾಲಿಗೆ ಮತ್ತೆ ಕೆಲಸ ಕೊಟ್ಟಾಗ ನಿಲ್ಲುತ್ತದೆ. ಎಂಬತ್ತರ ವಯಸ್ಸಿನಲ್ಲೂ ಸ್ನಾಯು ಕೆಲಸ ಕೊಟ್ಟರೆ ಬಲವಾಗುತ್ತದೆ, ಫಿಜಿಯೋಥೆರಪಿ ನಿಂತಿರುವುದೇ ಇದರ ಮೇಲೆ.

ಮೊದಲ ದಿನ ಏನು ನಡೆಯುತ್ತದೆ?

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮುಲುಂಡಿನ ಬಾಡಿಗೆ ಫ್ಲ್ಯಾಟು, 74ರ ಅಜ್ಜಿ. ಫಿಜಿಯೋ ಮರಾಠಿಯ ಹುಡುಗಿ. "ಆಜಿ" ಎಂದು ಕರೆದು ಮಾತಾಡಿಸುತ್ತಾಳೆ, ಅಜ್ಜಿ ತನ್ನ ಕುಂದಾಪುರದ ಮರಾಠಿಯಲ್ಲಿ ಉತ್ತರ ಕೊಡುತ್ತಾರೆ.

ಅವಳು ಬಂದ ಕೂಡಲೇ ವ್ಯಾಯಾಮ ಶುರು ಮಾಡುವುದಿಲ್ಲ. ಮೊದಲು ಪ್ರಶ್ನೆ. ಹೋದ ಒಂದು ವರ್ಷದಲ್ಲಿ ಬಿದ್ದದ್ದುಂಟೇ? ನಿಂತಾಗ, ನಡೆಯುವಾಗ ತೂರಾಡಿದಂತೆ ಆಗುತ್ತದೆಯೇ? ಬೀಳುತ್ತೇನೆಂಬ ಹೆದರಿಕೆ ಉಂಟೇ? ಈ ಮೂರು ಪ್ರಶ್ನೆ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಡಾಕ್ಟರುಗಳಿಗಾಗಿ ಮಾಡಿಕೊಟ್ಟ ವಿಧಾನದಲ್ಲಿವೆ. ಒಂದಕ್ಕೆ ಹೌದು ಅಂದರೂ ಮುಂದೆ ಪರೀಕ್ಷಿಸಬೇಕು. ಆಮೇಲೆ ಗುಳಿಗೆಗಳ ಡಬ್ಬಿ ತರಿಸುತ್ತಾಳೆ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿಪಿ ನೋಡುತ್ತಾಳೆ.

ಮುಂದಿನದು ಕುರ್ಚಿ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರಬೇಕು. ಮುಂಬಯಿಯ ಹಾಲಿನಲ್ಲಿ 3 ಮೀಟರ್ ಸಿಗುವುದೇ ಕಷ್ಟ, ಟೀಪಾಯಿ ಬಾಲ್ಕನಿಗೆ ಹೋಗುತ್ತದೆ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ. ಇನ್ನೊಂದು ಪರೀಕ್ಷೆಯಲ್ಲಿ ಎರಡೂ ಕೈ ಎದೆಗೆ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಲು ಆಗುತ್ತದೆ ಎಂದು ಎಣಿಸುತ್ತಾರೆ. 70ರಿಂದ 74ರ ಹೆಂಗಸರಲ್ಲಿ 10ಕ್ಕಿಂತ ಕಡಿಮೆ, ಗಂಡಸರಲ್ಲಿ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸಾಲದು. ಮೂರನೆಯದು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ಒಂದೇ ಗೆರೆಯಲ್ಲಿ 10 ಸೆಕೆಂಡ್ ನಿಲ್ಲುವುದು. ಇವನ್ನು ಓದಿದ ಕೂಡಲೇ ಅಪ್ಪನ ಮೇಲೆ ನೀವೇ ಪ್ರಯೋಗ ಮಾಡಬೇಡಿ. ಪರೀಕ್ಷೆ ಮಾಡುವವರು ಕೈಯಳತೆಯಲ್ಲೇ ನಿಂತಿರುತ್ತಾರೆ, ಎಲ್ಲಿ ಹಿಡಿಯಬೇಕು ಅನ್ನುವುದು ಅವರಿಗೆ ಗೊತ್ತು.

ಇಷ್ಟನ್ನು ಕ್ಲಿನಿಕ್ಕಿನಲ್ಲೂ ಮಾಡಬಹುದು. ಮನೆಗೆ ಬಂದದ್ದರ ಬೆಲೆ ಗೊತ್ತಾಗುವುದು ಇದರ ಆಮೇಲೆ. "ಆಜಿ, ನೀವು ಬಚ್ಚಲಿಗೆ ಹೇಗೆ ಹೋಗ್ತೀರಿ, ತೋರಿಸಿ."

ಅಜ್ಜಿ ದೀವಾನದಿಂದ ಏಳುತ್ತಾರೆ. ದೀವಾನ ತಗ್ಗು, ಮೊದಲ ಸಲ ಅರ್ಧ ಎದ್ದು ಮತ್ತೆ ಕೂರುತ್ತಾರೆ. ಎರಡನೇ ಸಲ ಕೈ ಊರಿ ಎದ್ದರು. ಟಿವಿ ಸ್ಟ್ಯಾಂಡು, ಫ್ರಿಜ್ಜು, ಬಾಗಿಲ ಚೌಕಟ್ಟು ಹೀಗೆ ಒಂದೊಂದನ್ನೇ ಹಿಡಿಯುತ್ತ ಹೋಗುತ್ತಾರೆ. ಕೈಗೆ ಆಸರೆ ಬೇಕಾಗಿದೆ ಎಂಬುದು ಅವರಿಗೇ ಗೊತ್ತಿಲ್ಲ, ಮನೆಯವರೂ ಗಮನಿಸಿಲ್ಲ. ನೈಟಿಯ ಅಂಚು ಹಿಮ್ಮಡಿಯ ಕೆಳಗೆ ಸಿಕ್ಕಿಕೊಳ್ಳುತ್ತಿದೆ. ಬಾತ್‌ರೂಮಿನ ಮುಂದೆ ಹಳೇ ಸೀರೆಯಿಂದ ಹೊಲಿದ ಕಾಲೊರಸು. ಕೆಳಗೆ ರಬ್ಬರ್ ಇಲ್ಲ, ಲಾದಿಯ ಮೇಲೆ ಸರಿಯುತ್ತದೆ. ದಾಟಿದರೆ ಎತ್ತರದ ಹೊಸ್ತಿಲು, ಅದರಾಚೆ ನೆಲ ಇನ್ನೂ ತಗ್ಗು. ಒಳಗೆ ಕಾಲಿಟ್ಟವರೇ ಟವೆಲ್ ಹಾಕುವ ರಾಡನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ಆ ರಾಡು ಎರಡು ಸಣ್ಣ ಸ್ಕ್ರೂ ಮೇಲೆ ನಿಂತಿದೆ. ಒಂದು ಒದ್ದೆ ಟವೆಲ್ಲಿನ ಭಾರಕ್ಕೆ ಮಾಡಿದ್ದು.

ಕ್ಲಿನಿಕ್ಕಿನ ಗಟ್ಟಿ ಕುರ್ಚಿ, ಒಣ ನೆಲ, ಒಳ್ಳೇ ಬೆಳಕಿನಲ್ಲಿ ಇದೇ ಅಜ್ಜಿ ಚೆನ್ನಾಗಿಯೇ ನಡೆದು ತೋರಿಸಿರುತ್ತಿದ್ದರು.

ಬಾಲ್ಕನಿಯಲ್ಲಿ ಇನ್ನೊಂದು ವಿಷಯ ಸಿಗುತ್ತದೆ. ಮುಂಬಯಿಯ ಮನೆಗಳಲ್ಲಿ ಬಟ್ಟೆ ಒಣಗಿಸುವ ಸರಳು ತಲೆಯ ಮೇಲೆ, ಚಾವಣಿಗೆ ತಾಗಿದಂತೆ ಇರುತ್ತದೆ. ಕೋಲಿನಿಂದ ಬಟ್ಟೆ ಎತ್ತಿ ಹಾಕಬೇಕು. ಕತ್ತು ಹಿಂದಕ್ಕೆ ಬಾಗಿದೆ, ಎರಡೂ ಕೈ ಮೇಲಿವೆ, ಕಣ್ಣಿಗೆ ನೆಲ ಕಾಣುತ್ತಿಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ. ಸಮತೋಲಕ್ಕೆ ಇದಕ್ಕಿಂತ ಕಷ್ಟದ ಪರೀಕ್ಷೆಯನ್ನು ಫಿಜಿಯೋ ಕೂಡ ಕೊಡಲಾರಳು. ಮಳೆಗಾಲದಲ್ಲಿ ಬಟ್ಟೆ ಒಣಗದೆ ದಿನಕ್ಕೆ ಮೂರು ಸಲ ಅದನ್ನೇ ತಿರುವಿ ಹಾಕುವುದು ಬೇರೆ.

ವ್ಯಾಯಾಮ ಯಾವುದು? ಅದರಿಂದ ಆಗುವುದೇನು?

ಈ ವಿಷಯದಲ್ಲಿ ಹೆಚ್ಚು ಹೆಸರಾದದ್ದು ಒಟಾಗೋ ವ್ಯಾಯಾಮ ಕ್ರಮ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಜಾನ್ ಕ್ಯಾಂಪ್‌ಬೆಲ್, ಕ್ಲೇರ್ ರಾಬರ್ಟ್‌ಸನ್ ಮತ್ತು ಅವರ ಜೊತೆಗಾರರು ಇದನ್ನು ರೂಪಿಸಿದರು. ಹಿರಿಯರನ್ನು ಆಸ್ಪತ್ರೆಗೆ ಕರೆಸದೆ ಮನೆಯಲ್ಲೇ ಮಾಡಿಸಬೇಕು ಅಂತಲೇ ಹುಟ್ಟಿದ ಕ್ರಮ ಇದು. 65ರಿಂದ 97 ವರ್ಷದ 1,016 ಜನರ ಮಾಹಿತಿ ಕೂಡಿಸಿ 2002ರಲ್ಲಿ ಲೆಕ್ಕ ಹಾಕಿದಾಗ ಬೀಳುವುದು ಸುಮಾರು 35 ಶೇಕಡಾ ಕಡಿಮೆಯಾಗಿತ್ತು. ಬೇರೆ ಬೇರೆ ತರದ ವ್ಯಾಯಾಮಗಳನ್ನೆಲ್ಲ ಸೇರಿಸಿ ನೋಡಿದ ಕಾಕ್ರೇನ್ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಸಂಸ್ಥೆ) ಪರಿಶೀಲನೆ 2019ರಲ್ಲಿ ಬಂತು. 108 ಅಧ್ಯಯನ, 23 ಸಾವಿರಕ್ಕೂ ಹೆಚ್ಚು ಜನ. ಅಲ್ಲಿ ಕಂಡ ಇಳಿಕೆ 23 ಶೇಕಡಾ. ಪೂರ್ತಿ ನಿಲ್ಲಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾಲ್ಕು ಸಲ ಬೀಳುವ ಕಡೆ ಮೂರು ಸಲಕ್ಕೆ ಇಳಿಯುವುದು ಒಂದು ಸೊಂಟದ ಮೂಳೆಯ ಮಟ್ಟಿಗೆ ಸಣ್ಣ ಮಾತಲ್ಲ.

ಒಟಾಗೋದಲ್ಲಿ ಒಂದು ಭಾಗ ಕಾಲಿನ ಬಲಕ್ಕೆ. ಕುರ್ಚಿಯಲ್ಲಿ ಕೂತು, ಹಿಮ್ಮಡಿಗಂಟಿಗೆ ಭಾರದ ಪಟ್ಟಿ ಕಟ್ಟಿ ಕಾಲನ್ನು ನೇರ ಮಾಡುವುದು. ಅಡುಗೆ ಕಟ್ಟೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಎತ್ತುವುದು, ಮೊಣಕಾಲು ಹಿಂದಕ್ಕೆ ಮಡಿಸುವುದು, ತುದಿಗಾಲಿನಲ್ಲಿ ಏಳುವುದು. ಎಂಟು ಹತ್ತು ಸಲ ಎತ್ತಿದಾಗ ಸುಸ್ತಾಗುವಷ್ಟು ಭಾರ ಇರಬೇಕು. ಸುಲಭ ಅನ್ನಿಸಿದ ದಿನ ಭಾರ ಏರಿಸಬೇಕು. ವಾರಕ್ಕೆ ಮೂರು ದಿನ, ಸುಮಾರು ಅರ್ಧ ಗಂಟೆ. ನಡುವೆ ಒಂದೊಂದು ದಿನ ಬಿಡುವು, ಯಾಕೆಂದರೆ ಸ್ನಾಯು ಬೆಳೆಯುವುದು ಬಿಡುವಿನಲ್ಲಿ.

ಇನ್ನೊಂದು ಭಾಗ ಸಮತೋಲಕ್ಕೆ. ಒಂದೇ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು, ಪಕ್ಕಕ್ಕೆ ನಡೆಯುವುದು, ಹಿಂದಕ್ಕೆ ನಡೆಯುವುದು, ಎಂಟರ ಆಕಾರದಲ್ಲಿ ಸುತ್ತುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು. ಮೊದಲು ಎರಡು ಕೈ ಹಿಡಿದು, ಆಮೇಲೆ ಒಂದು ಕೈ, ಆಮೇಲೆ ಬರೀ ಬೆರಳು, ಕೊನೆಗೆ ಏನೂ ಹಿಡಿಯದೆ. ಇದರ ಗುಟ್ಟು ಒಂದೇ. ಸ್ವಲ್ಪ ತೂರಾಡಬೇಕು. ತೂರಾಡದಿದ್ದರೆ ಮಿದುಳಿಗೆ ಕಲಿಯಲು ಏನೂ ಇಲ್ಲ. ನೋಡುವ ಮನೆಯವರಿಗೆ ಜೀವ ಬಾಯಿಗೆ ಬರುತ್ತದೆ, "ಬೇಡ ಬೇಡ, ಕೂತ್ಕೊಳ್ಳಿ" ಅಂತಾರೆ. ಪಕ್ಕದಲ್ಲಿ ಕಟ್ಟೆ ಇದ್ದು, ಹಿಂದೆ ಫಿಜಿಯೋ ಇದ್ದು, ಅಂಥ ಕಡೆ ತೂರಾಡಿ ಕಲಿಯುವುದೇ ಈ ಇಡೀ ಚಿಕಿತ್ಸೆ. ಬರೀ ಕೂತು ಮಾಡುವ ವ್ಯಾಯಾಮ, ಪ್ರಾಣಾಯಾಮ, ಕೈ ತಿರುಗಿಸುವುದು ಎಲ್ಲ ಒಳ್ಳೆಯದೇ. ಆದರೆ ಸಮತೋಲ ಕಲಿಸಲು ನಿಲ್ಲಿಸಲೇಬೇಕು. ಬರೀ ವಾಕಿಂಗ್ ಕೂಡ ಸಾಲದು. ನಡೆಯುವುದು ಈ ಕ್ರಮದಲ್ಲೂ ಇದೆ, ಆದರೆ ಬಲ ಮತ್ತು ಸಮತೋಲದ ವ್ಯಾಯಾಮದ ಜೊತೆಗೆ.

ಇಷ್ಟಾದ ಮೇಲೆ ಮನೆಯ ಕೆಲಸವೇ ವ್ಯಾಯಾಮ. ನಮ್ಮ ಅಜ್ಜಿಗೆ ಫಿಜಿಯೋ ಹೊಸ್ತಿಲು ದಾಟುವುದನ್ನು ಹತ್ತು ಸಲ ಮಾಡಿಸುತ್ತಾಳೆ, ಒಳಗೆ ಯಾವ ಕಾಲು ಮೊದಲು, ಹೊರಗೆ ಯಾವುದು ಎಂದು. ಕೈಯಲ್ಲಿ ತಂಬಿಗೆ ಹಿಡಿದು ನಡೆಸುತ್ತಾಳೆ. ನಡೆಯುತ್ತಿರುವಾಗಲೇ ಮಾತಾಡಿಸುತ್ತಾಳೆ, ಏಕೆಂದರೆ ಮಾತಿಗೆ ಉತ್ತರ ಕೊಡಲು ನಿಂತುಬಿಡುವವರು ಬೀಳುವ ಸಂಭವ ಜಾಸ್ತಿ. ಬೆಲ್ ಹೊಡೆದಾಗ ದಡಬಡಿಸಿ ಏಳದಿರುವ ಅಭ್ಯಾಸವನ್ನೂ ಮಾಡಿಸಬೇಕಾಗುತ್ತದೆ. ಬೆಳಿಗ್ಗೆ ಹಾಲಿನವ ಬಂದಾಗ ಅಜ್ಜಿ ಓಡುವ ಓಟ ನೋಡಿದವರಿಗೆ ಯಾಕೆ ಅಂತ ಗೊತ್ತಾಗುತ್ತದೆ.

ಮೆಷಿನ್ ಹಚ್ಚಿ ಹೋದರೆ ಸಾಕೇ?

ಮನೆಗೆ ಬರುವ ಫಿಜಿಯೋ ಅಂದರೆ ಕೆಲವು ಕಡೆ ಹೀಗೂ ನಡೆಯುತ್ತದೆ. ಬಂದವರು ಮೊಣಕಾಲಿಗೆ ಕರೆಂಟಿನ ಪ್ಯಾಡ್ ಅಂಟಿಸುತ್ತಾರೆ, ಶಾಖ ಕೊಡುತ್ತಾರೆ, ಮಲಗಿಸಿಯೇ ಕಾಲು ನಾಲ್ಕು ಸಲ ಮಡಿಸಿ ನೀಡುತ್ತಾರೆ, ಹೋಗುತ್ತಾರೆ. ನೋವು ಕಡಿಮೆಯಾಗಬಹುದು. ಬೀಳುವುದು ಇದರಿಂದ ಕಡಿಮೆಯಾಗುವುದಿಲ್ಲ. ಮಾಲೀಸಿನಿಂದಲೂ ಆಗುವುದಿಲ್ಲ. ಅರ್ಧ ಗಂಟೆಯಲ್ಲಿ ಹಿರಿಯರು ಒಮ್ಮೆಯೂ ಎದ್ದು ನಿಲ್ಲದಿದ್ದರೆ ಅದು ಬೀಳು ತಡೆಯುವ ಚಿಕಿತ್ಸೆ ಅಲ್ಲವೇ ಅಲ್ಲ ಅಂತ ತಿಳಿದುಕೊಳ್ಳಿ.

ಎಷ್ಟು ಭೇಟಿ ಬೇಕು ಎಂಬುದಕ್ಕೂ ಒಟಾಗೋ ಒಂದು ಅಂದಾಜು ಕೊಡುತ್ತದೆ. ಅಲ್ಲಿ ಮೊದಲ ಎರಡು ತಿಂಗಳಲ್ಲಿ ನಾಲ್ಕು ಭೇಟಿ (1, 2, 4 ಮತ್ತು 8ನೇ ವಾರ), ಆರು ತಿಂಗಳಿಗೆ ಇನ್ನೊಂದು, ಭೇಟಿ ಇಲ್ಲದ ತಿಂಗಳಲ್ಲಿ ಫೋನು. ಉಳಿದ ದಿನ ಹಿರಿಯರು ತಾವೇ ಮಾಡಬೇಕು. ಲಕ್ವ, ಪಾರ್ಕಿನ್ಸನ್ ಇದ್ದವರಿಗೆ, ಆಪರೇಷನ್ ಆದವರಿಗೆ ಭೇಟಿ ಜಾಸ್ತಿ ಬೇಕಾಗುತ್ತದೆ. ಹಾಗೇನೂ ಇಲ್ಲದವರಿಗೆ ದಿನಾ ಬರುವ ತಿಂಗಳ ಪ್ಯಾಕೇಜ್ ಯಾಕೆ ಬೇಕು ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಕೇಳಬೇಕಾದ್ದು ಇನ್ನೂ ಇದೆ. ಓದು ಏನು? ಫಿಜಿಯೋಥೆರಪಿ ನಾಲ್ಕು ವರ್ಷದ ಓದು, ಮೇಲೆ ಇಂಟರ್ನ್‌ಶಿಪ್ ಇರುವ ಪದವಿ. ಮಹಾರಾಷ್ಟ್ರದಲ್ಲಿ ಇದಕ್ಕೆ ರಾಜ್ಯದ ಕೌನ್ಸಿಲ್ ಇದೆ, ನೋಂದಣಿ ಸಂಖ್ಯೆ ಕೇಳಬಹುದು. ಮನೆಗೆ ಕರೆಸುವ ಶಕ್ತಿ ಇಲ್ಲದವರಿಗೆ ಮುಂಬಯಿಯಲ್ಲಿ ದಾರಿ ಇದೆ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ 1950ರ ದಶಕದ ಶುರುವಿನಿಂದಲೇ ಫಿಜಿಯೋಥೆರಪಿ ಕಲಿಸುತ್ತಿದ್ದಾರೆ. ಸಾಯನ್, ನಾಯರ್ ಆಸ್ಪತ್ರೆಗಳಲ್ಲೂ ಈ ವಿಭಾಗ ಇದೆ. ಹಾಜಿ ಅಲಿಯ ಹತ್ತಿರ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆಯೇ ಇದೆ. ಅಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಮಾಡುವ ಕ್ರಮವನ್ನು ಬರೆಸಿಕೊಂಡು ಬರಬಹುದು. ಹೋಗುವಾಗ ಬಾತ್‌ರೂಮು, ಮಂಚ, ಮೆಟ್ಟಿಲಿನ ಫೋಟೋ ಮೊಬೈಲಿನಲ್ಲಿ ತಗೊಂಡು ಹೋಗಿ. ನೋಡುವವರಿಗೆ ತುಂಬ ಉಪಯೋಗ.

ಮನೆಯಲ್ಲಿ ಏನು ಬದಲಿಸಬೇಕು?

ಇಲ್ಲಿ ಉದ್ದ ಪಟ್ಟಿ ಬೇಡ. ಗೋಡೆಗೆ ಡ್ರಿಲ್ ಮಾಡಿ ಕೂರಿಸಿದ ಸ್ಟೀಲ್ ಹಿಡಿಕೆ ಒಂದು ಕಮೋಡಿನ ಪಕ್ಕ, ಒಂದು ಸ್ನಾನದ ಜಾಗದಲ್ಲಿ. ಬಾಡಿಗೆ ಮನೆ ಅಂತ ಗಾಳಿ ಹೀರಿ ಅಂಟುವ ಹಿಡಿಕೆ ತರುತ್ತಾರೆ, ಅದನ್ನು ಪೂರ್ತಿ ಭಾರಕ್ಕೆ ನಂಬಬೇಡಿ. ಮನೆ ಮಾಲೀಕರನ್ನು ಕೇಳಿ ನಾಲ್ಕು ತೂತು ಹಾಕಿಸುವುದೇ ಮೇಲು. ಬಾಲ್ದಿ ನೆಲದ ಬದಲು ಸ್ಟೂಲಿನ ಮೇಲೆ, ಕೂತು ಸ್ನಾನ ಮಾಡಲು ಅಲುಗದ ಸ್ಟೂಲು ಇನ್ನೊಂದು. ಮಂಚದಿಂದ ಬಚ್ಚಲಿನವರೆಗೆ ರಾತ್ರಿ ಸಣ್ಣ ಲೈಟು. ದೀವಾನ ತಗ್ಗಾಗಿದ್ದರೆ ಮೇಲೊಂದು ಗಟ್ಟಿ ಹಾಸಿಗೆ. ಜಾರುವ ಕಾಲೊರಸು ಹೊರಗೆ.

ಚಪ್ಪಲಿಯ ವಿಷಯ ಮಾತ್ರ ಸ್ವಲ್ಪ ಹೇಳಬೇಕು. ನಮ್ಮ ಮನೆಗಳಲ್ಲಿ ಒಳಗೆ ಚಪ್ಪಲಿ ಹಾಕುವುದಿಲ್ಲ. ಬರಿಗಾಲು ಅಥವಾ ಬರೀ ಸಾಕ್ಸಿನಲ್ಲಿ ಓಡಾಡುವ ಹಿರಿಯರು ಜಾಸ್ತಿ ಬೀಳುತ್ತಾರೆ ಎಂದು ಅಧ್ಯಯನಗಳಲ್ಲಿ ಕಂಡಿದೆ. ಸವೆದ ಹವಾಯಿ ಚಪ್ಪಲಿಯೂ ಒಳ್ಳೆಯದಲ್ಲ. ಹಿಂದೆ ಪಟ್ಟಿ ಇರುವ, ತೆಳು ಗಟ್ಟಿ ಅಟ್ಟೆಯ, ಹಿಡಿತ ಇರುವ ಒಂದು ಜೋಡಿಯನ್ನು ಮನೆಯೊಳಗೆಂದೇ ಇಟ್ಟುಕೊಳ್ಳಿ. ದೇವರ ಮುಂದೆ ಬಿಟ್ಟರಾಯಿತು.

ಫಿಜಿಯೋ ಕೈಯಲ್ಲಿ ಇಲ್ಲದ್ದು

ಎದ್ದು ನಿಂತ 3 ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ತಲೆ ತಿರುಗಿ ಬೀಳಬಹುದು. ಅದಕ್ಕೆ ಡಾಕ್ಟರು ಗುಳಿಗೆ ನೋಡಬೇಕು. ಬಿಪಿ ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆ, ನಿದ್ದೆ ಗುಳಿಗೆ, ನೆಗಡಿಗೆ ಅಂಗಡಿಯಿಂದ ತಂದ ಅಲರ್ಜಿ ಗುಳಿಗೆ ಎಲ್ಲವೂ ಇದರಲ್ಲಿ ಪಾಲುದಾರರು. ತಲೆ ಸುತ್ತಿಗೆ ಎಂದೋ ಬರೆದುಕೊಟ್ಟ ಪ್ರೋಕ್ಲೋರ್‌ಪೆರಝೀನ್ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಅದನ್ನು ತುಂಬ ದಿನ ತಗೊಂಡರೆ ನಡಿಗೆಯೇ ಬಿಗಿಯಾಗುವ ಅಪಾಯ ಇದೆ. ಆದರೆ ಯಾವ ಗುಳಿಗೆಯನ್ನೂ ನೀವೇ ನಿಲ್ಲಿಸಬೇಡಿ, ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗಿ.

ಹಾಸಿಗೆಯಲ್ಲಿ ಮಗ್ಗುಲು ತಿರುಗಿದಾಗ ಕೋಣೆ ಗಿರ್ರನೆ ಸುತ್ತಿದಂತಾದರೆ ಅದು ಹೆಚ್ಚಾಗಿ ಒಳಕಿವಿಯ ಸಣ್ಣ ಹರಳು ಜಾಗ ತಪ್ಪಿದ್ದರಿಂದ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಅದನ್ನು ಸರಿ ಮಾಡುತ್ತಾರೆ, ಗುಳಿಗೆಗಿಂತ ಅದೇ ಮದ್ದು. ಕಣ್ಣು ಕತ್ತಲೆ ಬಂದು ಎಚ್ಚರ ತಪ್ಪಿ ಬಿದ್ದಿದ್ದರೆ ವ್ಯಾಯಾಮದ ಮಾತು ಆಮೇಲೆ, ಮೊದಲು ಹೃದಯದ ಪರೀಕ್ಷೆ.

ಬಿದ್ದೇ ಬಿಟ್ಟರೆ?

ಓಡಿ ಹೋಗಿ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಒಂದು ನಿಮಿಷ ಹಾಗೇ ಬಿಡಿ, ಮಾತಾಡಿಸಿ. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ತೊಡೆಸಂದಿಯಲ್ಲಿ ನೋವಿದ್ದು ಕಾಲು ಎತ್ತಲು ಆಗದಿದ್ದರೆ ನಿಲ್ಲಿಸಿ ನೋಡುವ ಕೆಲಸ ಬೇಡ, 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟಾಗಿದ್ದು ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುವವರಾದರೆ ಹೊರಗೆ ಏನೂ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಪೆಟ್ಟಿಲ್ಲದಿದ್ದರೆ ತಾವೇ ಏಳುವ ಕ್ರಮವನ್ನು ಫಿಜಿಯೋ ಮೊದಲೇ ಕಲಿಸಿರಬೇಕು. ಮಗ್ಗುಲಾಗುವುದು, ಮೊಣಕೈ ಊರುವುದು, ಅಂಬೆಗಾಲಿಗೆ ಬರುವುದು, ಹತ್ತಿರದ ಕುರ್ಚಿಯವರೆಗೆ ಹೋಗುವುದು, ಕುರ್ಚಿಯ ಮೇಲೆ ಕೈ ಇಟ್ಟು ಬಲವಾದ ಕಾಲನ್ನು ಮುಂದೆ ಊರಿ ಏಳುವುದು. ಮಗ, ಸೊಸೆ ಇಬ್ಬರೂ ಲೋಕಲ್ ಹಿಡಿದು ಕೆಲಸಕ್ಕೆ ಹೋದ ಮನೆಯಲ್ಲಿ ಇದು ದೊಡ್ಡ ವಿದ್ಯೆ. ಏಳಲಾಗದೆ ಗಂಟೆಗಟ್ಟಲೆ ತಣ್ಣನೆ ಲಾದಿಯ ಮೇಲೆ ಬಿದ್ದಿದ್ದರೆ ಮೂಳೆ ಮುರಿಯದಿದ್ದರೂ ಸ್ನಾಯು, ಮೂತ್ರಪಿಂಡ ಕೆಡಬಹುದು. ಮೊಬೈಲು ಟೇಬಲ್ಲಿನ ಮೇಲಿದ್ದರೆ ಉಪಯೋಗವಿಲ್ಲ, ಕೊರಳಲ್ಲೋ ನೈಟಿಯ ಜೇಬಲ್ಲೋ ಇರಲಿ. ಪಕ್ಕದ ಮನೆಯಲ್ಲಿ ಒಂದು ಕೀಲಿಕೈ ಇರಲಿ. ಹಿರಿಯರಿಗಾಗಿ ಸರ್ಕಾರದ ಉಚಿತ ಸಹಾಯವಾಣಿ 14567 ಇದೆ. ಅದು ಮಾಹಿತಿಗೆ, ಸಲಹೆಗೆ. ತುರ್ತಿಗೆ 108.

ಎಷ್ಟು ದಿನ ಮಾಡಬೇಕು?

ಎಂಟು ವಾರಕ್ಕೆ ಕುರ್ಚಿಯ ಪರೀಕ್ಷೆ ಮತ್ತೊಮ್ಮೆ ಮಾಡಿಸಿ. ಏಳು ಸಲ ಎದ್ದವರು ಹತ್ತು ಸಲ ಎದ್ದರೆ ಅದೇ ಪ್ರಗತಿ, "ಈಗ ಹೇಗನಿಸುತ್ತದೆ" ಎಂಬುದಕ್ಕಿಂತ ನಂಬಿಕೆಯ ಲೆಕ್ಕ. ಅಲ್ಲಿಗೆ ಬಿಡುವಂತಿಲ್ಲ. ನಿಲ್ಲಿಸಿದರೆ ಗಳಿಸಿದ ಬಲ ಕೆಲವೇ ವಾರಗಳಲ್ಲಿ ಇಳಿಯಲು ಶುರುವಾಗುತ್ತದೆ.

ಹೆಚ್ಚಾಗಿ ನಿಲ್ಲುವುದು ಊರಿಗೆ ಹೋದಾಗ. ಮೇ ತಿಂಗಳಲ್ಲಿ ಮಂಗಳೂರಿನ ಮತ್ಸ್ಯಗಂಧ ರೈಲು ಹತ್ತಿದವರು ತಿಂಗಳು ಬಿಟ್ಟು ಬರುತ್ತಾರೆ. ಅಲ್ಲಿ ಜಗಲಿಗೆ ಮೆಟ್ಟಿಲು, ಅಂಗಳದಾಚೆ ಬಚ್ಚಲು, ಒಂದು ಮಳೆ ಬಿದ್ದರೆ ಪಾಚಿ ಕಟ್ಟುವ ಕಲ್ಲು. ಟಿಕೆಟ್ ಬುಕ್ ಆದ ಕೂಡಲೇ ಫಿಜಿಯೋಗೆ ಹೇಳಿ. ರೈಲಿನ ಎತ್ತರದ ಮೆಟ್ಟಿಲು ಹತ್ತಿ ಇಳಿಯುವುದನ್ನೂ ಓಡುವ ರೈಲಿನಲ್ಲಿ ಟಾಯ್ಲೆಟ್ಟಿಗೆ ಹೋಗುವುದನ್ನೂ ಮೊದಲೇ ಅಭ್ಯಾಸ ಮಾಡಿಸುತ್ತಾರೆ. ಕಾಲಿಗೆ ಕಟ್ಟುವ ಭಾರದ ಪಟ್ಟಿ ಹೊತ್ತುಕೊಂಡು ಹೋಗಬೇಕಿಲ್ಲ. ಊರಿನ ಮನೆಯಲ್ಲಿ ಅಳೆದು ಒಂದು ಕಿಲೋ ಅಕ್ಕಿಯನ್ನು ಉದ್ದ ಬಟ್ಟೆಯ ಚೀಲಕ್ಕೆ ತುಂಬಿ ಹೊಲಿದುಕೊಂಡರೂ ಆಗುತ್ತದೆ.